ಅಕ್ಕನ ಮಣ್ಣಿನ ಡಬ್ಬಿಗಳು

ಅಕ್ಕ ತೀರಿಕೊಂಡು ಹದಿನೈದು ದಿನ ಆಗಿತ್ತು. ಅವಳ ಆಫೀಸಿನಿಂದ ಒಬ್ಬರು ಗೋವಿಂದರಾಜನಗರದ ನಮ್ಮ ಮನೆ ಹುಡುಕಿಕೊಂಡು ಬಂದರು. ಚಿಕ್ಕ ವಯಸ್ಸಿನ ಅಧಿಕಾರಿ. ಅಕ್ಕನ ಜೊತೆ ಕೆಲಸ ಮಾಡಿದ್ದು ಎರಡೇ ವರ್ಷವಂತೆ. ಅವಳ ನೆನಪಿಗೆ ಆಫೀಸಿನವರೆಲ್ಲ ಸೇರಿ ಒಂದು ಸಣ್ಣ ಪುಸ್ತಕ ತರುತ್ತೇವೆ, ಮನೆಯವರ ಕಡೆಯಿಂದಲೂ ಒಂದಷ್ಟು ಪುಟ ಬೇಕು ಎಂದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಗೋಡೆಗೆ ಸುಣ್ಣ ಹೊಡೆಯುವ ಕೆಲಸದವನು ಅಂದೆ.

"ಅದಕ್ಕೇನ್ ಬಿಡಿ, ನಿಮ್ಮಕ್ಕನ ವಿಷಯ ನಿಮಗಿಂತ ಇನ್ಯಾರಿಗೆ ಗೊತ್ತಿರತ್ತೆ?" ಅಂದರು ಅವರು.

ಹೌದು, ನನಗಿಂತ ಇನ್ಯಾರಿಗೂ ಗೊತ್ತಿಲ್ಲ. ತೊಂದರೆ ಇರುವುದೇ ಅಲ್ಲಿ. ಮೂರು ದಿನದಿಂದ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ಯಾವುದು ಮೊದಲು, ಯಾವುದು ಆಮೇಲೆ, ಒಂದೂ ತಿಳಿಯುತ್ತಿಲ್ಲ. ಹೊಳೆದ ಹಾಗೆ ಬರೆಯುತ್ತೇನೆ, ಓದುವವರು ಹೊಂದಿಸಿಕೊಳ್ಳಬೇಕು.

ಅಕ್ಕ ನಡೆಯುವಾಗ ನೆಲ ನೋಡಿಕೊಂಡು ನಡೆಯುತ್ತಿದ್ದಳು. ನಾಚಿಕೆ ಅಂತ ಬೀದಿಯವರು ಅಂದುಕೊಂಡಿದ್ದರು. ನಾಚಿಕೆಯಲ್ಲ, ಮಣ್ಣು ನೋಡುತ್ತಿದ್ದಳು. ವಿಜಯನಗರದಲ್ಲಿ ಆಗ ಎಲ್ಲಿ ನೋಡಿದರೂ ಪಾಯ ತೆಗೆದ ಗುಂಡಿಗಳು. ಅವುಗಳ ಅಂಚಿನಲ್ಲಿ ನಿಂತು ಬಗ್ಗಿ ನೋಡುವಳು. ಒಂದು ಚಿಟಿಕೆ ಮಣ್ಣು ಅಂಗೈಗೆ ಹಾಕಿ, ಎಂಜಲು ಹಚ್ಚಿ, ಹೆಬ್ಬೆರಳಿನಲ್ಲಿ ಶಾವಿಗೆಯ ಹಾಗೆ ತೀಡುವಳು. ಎಳೆ ಉದ್ದ ಬಂದರೆ ಜೇಡಿ, ಮುರಿದುಹೋದರೆ ಮರಳು. ಚೆನ್ನಾಗಿದೆ ಅನ್ನಿಸಿದ ಮಣ್ಣನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಮನೆಗೆ ತರುವಳು. ಬಟ್ಟೆ ಒಗೆಯುವಾಗ ಅಮ್ಮ ಬೈಯುತ್ತಿದ್ದರು: "ಬೇರೆ ಹೆಣ್ಣುಮಕ್ಕಳ ಕರ್ಚೀಫಲ್ಲಿ ಮಲ್ಲಿಗೆ ಇರತ್ತೆ. ಇವಳದ್ರಲ್ಲಿ ಯಾರ ಮನೆ ಪಾಯವೋ ಏನೋ!"

ರಾಜಾಜಿನಗರದಲ್ಲಿ ಮಣ್ಣು ಪರೀಕ್ಷೆ ಮಾಡುವ ಆಫೀಸಿನಲ್ಲಿ ಅವಳಿಗೆ ಕೆಲಸ. ನಮ್ಮ ಕಡೆಯವರಲ್ಲಿ ಬಿ.ಎಸ್ಸಿ. ಓದಿದ ಮೊದಲ ಹೆಣ್ಣು ಅವಳೇ. ಅವಳ ಓದಿಗೋಸ್ಕರ ನನ್ನ ಓದು ಬಿಡಿಸಿದರು ಎಂದು ನಾನು ಬಹಳ ಜನರ ಹತ್ತಿರ ಹೇಳಿದ್ದೇನೆ. ಅದು ನಿಜವೋ ಸುಳ್ಳೋ ಈಗ ನನಗೇ ಗೊತ್ತಿಲ್ಲ. ಏಳನೇ ಕ್ಲಾಸಿನಲ್ಲಿ ನಾನು ಎರಡು ಸಲ ಫೇಲಾಗಿದ್ದಂತೂ ನಿಜ.

ನಮ್ಮ ಮನೆಯ ಕಾಂಪೌಂಡು ಗೋಡೆಯ ಮೇಲೆ ಸಾಲಾಗಿ ಹಳೇ ಡಬ್ಬಿಗಳು ಇರುತ್ತಿದ್ದವು. ಹಾಲಿನಪುಡಿಯ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಯಾರೋ ಎಸೆದ ಎಣ್ಣೆ ಡಬ್ಬಿ. ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಹೊರಗೆ ನಂಬರು ಬರೆದು, ಒಳಗೆ ಬೇರೆ ಬೇರೆ ಹೊಲದ ಮಣ್ಣು ತುಂಬಿ, ಸಾಸಿವೆ, ಸೌತೆ ಬೀಜ ಹಾಕುತ್ತಿದ್ದಳು. ಹುಲ್ಲು ಸಾಯಲಿ ಅಂತ ಜನ ಕಳೆ ಔಷಧಿ ಹೊಡೆಯುತ್ತಾರಲ್ಲ, ಅದು ಮಣ್ಣಿನಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಆ ಸಸಿಗಳು ಹೇಳುತ್ತವೆ. ಬರೀ ಕಣ್ಣಿಗೆ ಕಾಣದ್ದು, ಮೂಗಿಗೆ ಬಾರದ್ದು ಸಾಸಿವೆ ಸಸಿಗೆ ಗೊತ್ತಾಗುತ್ತದೆ ಎಂದು ಅವಳ ನಂಬಿಕೆ. ಆಫೀಸಿನ ಯಂತ್ರಗಳಿಗಿಂತ ಹೆಚ್ಚು ನಂಬುತ್ತಿದ್ದಳೋ ಏನೋ.

ಪಕ್ಕದ ಮನೆಯಾಕೆ ಗೋಡೆಯ ಆಚೆಯಿಂದ ರೇಗಿಸುವರು: "ಏನಮ್ಮಾ, ಡಬ್ಬಿ ಡಬ್ಬಿ ಸಾಸಿವೆ! ಮದುವೆ ಒಗ್ಗರಣೆಗೆ ಈಗ್ಲಿಂದ್ಲೇ ರೆಡಿನಾ?"

"ಗಂಡು ಸಿಕ್ಲಿ ಆಂಟಿ, ಮೊದಲು ಅವರ ಮನೆ ಮಣ್ಣು ತರಿಸ್ತೀನಿ. ಸಾಸಿವೆ ಪಾಸ್ ಮಾಡಿದ್ರೆ ಮದುವೆ" ಅನ್ನುವಳು ಅಕ್ಕ.

ಮದುವೆ ಆಗಲೇ ಇಲ್ಲ. ಅದು ಬೇರೆ ವಿಷಯ, ಅದರಲ್ಲಿ ನನ್ನ ತಪ್ಪಿಲ್ಲ.

ಅವಳಿಗೆ ಇನ್ನೊಂದು ಅಭ್ಯಾಸ ಇತ್ತು. ಏನಾದರೂ ತಿಳಿಯದಿದ್ದರೆ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ 'ಗೊತ್ತಿಲ್ಲ' ಎಂದು ಬರೆಯುವಳು. "ಗೊತ್ತಿಲ್ಲದ್ದನ್ನ ಯಾಕೆ ಬರೀತೀಯ? ಹಾಳೆ ದಂಡ" ಅಂದೆ ಒಂದು ಸಲ. "ಬರೀದೇ ಬಿಟ್ರೆ ನಾಳೆ ಗೊತ್ತಿದೆ ಅಂದ್ಕೊಂಡ್ಬಿಡ್ತೀವಿ ಕಣೋ" ಅಂದಳು.

ಕಳೆ ಔಷಧಿ ಮಣ್ಣಿನಲ್ಲಿ ಎಲ್ಲಿ ಕೂತಿರುತ್ತದೆ ಎಂದು ಒಂದು ಸಲ ಕೇಳಿದ್ದೆ. ಮೊದಲು ಅವಳು "ಔಷಧಿ ಅನ್ಬೇಡ, ಕಳೆನಾಶಕ ಅನ್ನು" ಎಂದು ತಿದ್ದಿದಳು. ಆಮೇಲೆ ಹೇಳಿದಳು: "ನಮ್ಮ ಸಿಟಿ ಬಸ್ಸು ಇಲ್ವಾ, ಹಾಗೆ. ಮಣ್ಣಲ್ಲಿರೋ ಗೊಬ್ಬರ, ಕೊಳೆತ ಎಲೆ, ಜೇಡಿ, ಇವೆಲ್ಲ ಸೀಟು. ಸೀಟಲ್ಲಿ ಕೂತಿರೋ ವಿಷ ಯಾರಿಗೂ ತೊಂದರೆ ಕೊಡಲ್ಲ. ನಿಂತಿರೋದು ನೀರಲ್ಲಿರತ್ತೆ. ಬೇರು ಕುಡಿಯೋದು ಅದನ್ನೇ. ಗೊಬ್ಬರ ಜಾಸ್ತಿ ಇದ್ರೆ ಸೀಟು ಜಾಸ್ತಿ, ನಿಂತಿರೋರು ಕಡಿಮೆ."

"ಒಂದ್ಸಲ ಕೂತೋರು ಏಳಲ್ವಾ?"

"ಏಳ್ತಾರೆ. ಒಬ್ಬರು ಎದ್ರೆ ಇನ್ನೊಬ್ಬರು ಕೂರ್ತಾರೆ. ಹಿಡ್ಕೊಳ್ಳೋದು, ಬಿಡೋದು, ಎರಡೂ ನಡೀತಾನೇ ಇರತ್ತೆ. ಎಲ್ಲಾ ಒಟ್ಟಿಗೆ ಎದ್ದು ನಿಲ್ಲೋ ಹಾಗೆ ಮಾಡಬಾರದು, ಅಷ್ಟೇ."

"ಕಂಡಕ್ಟರ್ ಯಾರು ಹಾಗಾದ್ರೆ?"

ಅಕ್ಕ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ತಮಾಷೆಗೆ ಕೇಳಿರಲಿಲ್ಲ. ಎಲ್ಲಾ ಒಟ್ಟಿಗೆ ಎದ್ದು ನಿಲ್ಲುವುದು ಯಾವಾಗ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಈಗ ಗೌರಕ್ಕನ ವಿಷಯಕ್ಕೆ ಬರುತ್ತೇನೆ. ಎಪ್ಪತ್ತನಾಲ್ಕನೇ ಇಸವಿಯೋ ಎಪ್ಪತ್ತೈದೋ ಇರಬೇಕು. ಗೌರಕ್ಕ ವಿಜಯನಗರದ ಮಾರ್ಕೆಟ್ಟಿನಲ್ಲಿ ಮಂಕರಿ ಇಟ್ಟುಕೊಂಡು ಸೊಪ್ಪು ಮಾರುತ್ತಿದ್ದ ಹೆಂಗಸು. ಅಮ್ಮ ಸೊಪ್ಪು ತರುತ್ತಿದ್ದದ್ದು ಅವಳ ಹತ್ತಿರವೇ. ಅವಳು ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಸೈಟು ಮಾಡಿದರು. ಬೇರೆ ಜಾಗ ಹುಡುಕುವಾಗ ಕೆಂಗೇರಿ ಕಡೆ ಹತ್ತು ಗುಂಟೆ ಗುತ್ತಿಗೆಗೆ ಸಿಕ್ಕಿತು. ಅದು ಹಳೇ ದ್ರಾಕ್ಷಿ ತೋಟ. ಬಳ್ಳಿ ಕಿತ್ತುಹಾಕಿದ್ದರು. ಬಳ್ಳಿ ಇದ್ದಾಗ ಸಾಲುಗಳ ನಡುವೆ ವರ್ಷಗಟ್ಟಲೆ ಕಳೆ ಔಷಧಿ ಹೊಡೆದಿದ್ದರಂತೆ. ಹುಲ್ಲು ಕೂಡ ಸರಿಯಾಗಿ ಬರದ ನೆಲದಲ್ಲಿ ಸೊಪ್ಪು ಬರುತ್ತದಾ ಎಂದು ಗೌರಕ್ಕನಿಗೆ ಭಯ. ಅಕ್ಕನನ್ನು ಕೇಳಿದಳು.

ಅಕ್ಕ ಭಾನುವಾರ ಬಸ್ಸಿನಲ್ಲಿ ಹೋಗಿ ಎರಡು ಚೀಲ ಮಣ್ಣು ಹೊತ್ತು ತಂದಳು. ಬರೀ ಮಣ್ಣು ತುಂಬಿದ ಡಬ್ಬಿಗಳಲ್ಲಿ ಸಾಸಿವೆ ಹುಟ್ಟಿತು, ಎಲೆಯ ಅಂಚು ಹಳದಿಯಾಯಿತು, ಸುಟ್ಟ ಹಾಗೆ ಒಣಗಿ ಹೋಯಿತು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಡಬ್ಬಿಗಳಲ್ಲಿ ಹಸಿರಾಗಿ ನಿಂತಿತು. ಎರಡು ಸಲ ಮಾಡಿ ನೋಡಿದಳು. ಎರಡು ಸಲವೂ ಹಾಗೇ. ಸಾರ್ವಜನಿಕರು ಕೇಳಿದ್ದು ಅಂತ ಅವಳ ಸಾಹೇಬರು ಅದನ್ನು ಆಫೀಸಿನ ರಿಜಿಸ್ಟರಿನಲ್ಲೇ ಬರೆಸಿದರು. ಡಬ್ಬಿಯ ಪರೀಕ್ಷೆ ಆಫೀಸಿನ ಪುಸ್ತಕಕ್ಕೆ ಏರಿದ್ದು ಅದೇ ಮೊದಲು. ಅವತ್ತು ಅಕ್ಕ ಮನೆಗೆ ಮೈಸೂರುಪಾಕು ತಂದಿದ್ದಳು.

"ಗೊಬ್ಬರ ಹಾಕಿ, ಒಂದು ಮಳೆ ಬೀಳ್ಲಿ, ಆಮೇಲೆ ಬಿತ್ತು. ಬೇರೆ ಏನೂ ಹಾಕ್ಬೇಡ" ಎಂದು ಗೌರಕ್ಕನಿಗೆ ಹೇಳಿದಳು. ಗೌರಕ್ಕನಿಗೆ ಗಂಡಾಳು ಇರಲಿಲ್ಲ. ನನಗೂ ಆಗ ಹದಿನೈದು ದಿನ ಕೆಲಸ ಇರಲಿಲ್ಲ. ಗೊಬ್ಬರ ಹರಡುವ ಕೆಲಸ ಅಕ್ಕ ನನಗೆ ಒಪ್ಪಿಸಿದಳು. ನನಗೂ ಹೇಳಿದಳು, ಬೇರೆ ಏನೂ ಹಾಕಬೇಡ ಎಂದು. ಎರಡು ಸಲ ಹೇಳಿದಳು. ಎರಡನೇ ಸಲ ಹೇಳಿದ್ದಕ್ಕೆ ನನಗೆ ಕೋಪ ಬಂತು. ನಾನೇನು ಮಗುವಾ?

ಗಾಡಿಯಲ್ಲಿ ಬಂದ ಗೊಬ್ಬರ ಕೆದಕಿದರೆ ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು. ಇವು ಬೇರು ತಿಂದರೆ ಸೊಪ್ಪು ಎಲ್ಲಿ ಉಳಿಯುತ್ತದೆ? ಡಬ್ಬಿಯಲ್ಲಿ ಹುಳು ಇರಲಿಲ್ಲ, ಅಕ್ಕನಿಗೆ ಇದು ಗೊತ್ತಿಲ್ಲ ಅಂದುಕೊಂಡೆ. ನನಗೆ ಗೊತ್ತಿದ್ದ ವಿದ್ಯೆ ಒಂದೇ, ಸುಣ್ಣ. ಗೋಡೆಗೆ ಸುಣ್ಣ, ತಿಪ್ಪೆ ವಾಸನೆಗೆ ಸುಣ್ಣ, ಇರುವೆ ಸಾಲಿಗೆ ಸುಣ್ಣ, ಮರದ ಬುಡಕ್ಕೆ ಸುಣ್ಣ. ವಿಜಯನಗರದಲ್ಲಿ ನಾನು ಕೆಲಸ ಮಾಡಿ ಮುಗಿಸಿದ ಒಂದು ಮನೆಯ ಮುಂದೆ ನೀರು ಬಿಟ್ಟು ಅರಳಿಸಿದ ಸುಣ್ಣ ರಾಶಿ ಮಿಕ್ಕಿತ್ತು. ಮೇಸ್ತ್ರಿಯನ್ನು ಕೇಳಿ, ಗೊಬ್ಬರ ತಂದ ಗಾಡಿಯಲ್ಲೇ ಒಂದು ಗಾಡಿ ಹೊಡೆಸಿಕೊಂಡು ಹೋದೆ. ಗೊಬ್ಬರ ಹರಡಿದ ಮೇಲೆ ಸುಣ್ಣ ಚೆಲ್ಲಿ ಗುದ್ದಲಿಯಲ್ಲಿ ಮಗುಚಿದೆ. ಬಾವಿಯ ಹತ್ತಿರದ ಮೂಲೆಗೆ ಬರುವಷ್ಟರಲ್ಲಿ ಸುಣ್ಣ ಮುಗಿಯಿತು. ಅಷ್ಟು ಜಾಗ ಹಾಗೇ ಬಿಟ್ಟೆ.

ಹೊಲ ಬೆಳ್ಳಗೆ ಕಾಣುತ್ತಿತ್ತು. ನನಗೆ ಎಷ್ಟು ಸಂತೋಷ ಆಗಿತ್ತು ಎಂದರೆ, ಬೆಳೆ ಬಂದ ಮೇಲೆ ಅಕ್ಕನಿಗೆ ಹೇಳಬೇಕು, ನಿನ್ನ ಬಿ.ಎಸ್ಸಿ. ಜೊತೆ ನನ್ನ ಸುಣ್ಣವೂ ಇತ್ತು ಅನ್ನಬೇಕು ಎಂದು ಮಾತು ಕೂಡ ಜೋಡಿಸಿ ಇಟ್ಟುಕೊಂಡಿದ್ದೆ.

ಮಳೆ ಬಿತ್ತು. ದಂಟು, ಕೀರೆ, ಮೆಂತ್ಯ ಎಲ್ಲ ಚೆನ್ನಾಗಿ ಹುಟ್ಟಿದವು. ನಾಲ್ಕೈದು ಎಲೆ ಆದವು. ಆಮೇಲೆ ಅಂಚು ಹಳದಿಯಾಗತೊಡಗಿತು. ಗೌರಕ್ಕ ಹೇಳಿಕಳಿಸಿದಳು. ನಾನು ಹೋಗಿ ನೋಡಿದೆ. ಡಬ್ಬಿಯಲ್ಲಿ ನೋಡಿದ್ದ ಅದೇ ಹಳದಿ, ಅದೇ ಸುಟ್ಟ ಅಂಚು. ಹುಳು ಒಂದೂ ಇರಲಿಲ್ಲ. ಬಾವಿಯ ಹತ್ತಿರದ ಮೂಲೆಯಲ್ಲಿ ಮಾತ್ರ ದಂಟು ಮೊಳಕಾಲೆತ್ತರ, ಕಪ್ಪು ಹಸಿರು.

ಆ ಮೂಲೆ ನೋಡಿದ ಕೂಡಲೇ ನನಗೆ ತಿಳಿಯಿತು. ಏನು ತಿಳಿಯಿತು ಎಂದು ಕೇಳಿದರೆ ಹೇಳಲಾರೆ. ಸುಣ್ಣ ವಿಷವಲ್ಲ, ಎಲೆಅಡಿಕೆಗೆ ಹಚ್ಚಿ ತಿನ್ನುತ್ತೇವೆ. ಹಾಗಿದ್ದೂ ಸುಣ್ಣ ಬಿದ್ದಲ್ಲಿ ಸತ್ತಿದೆ, ಬೀಳದಲ್ಲಿ ಬದುಕಿದೆ. ಕಣ್ಣ ಮುಂದೆ ಇತ್ತು, ಅರ್ಥ ಆಗಲಿಲ್ಲ.

"ಏನಪ್ಪಾ ಇದು? ನಿಮ್ಮಕ್ಕ ಬರುತ್ತೆ ಅಂದ್ಲಲ್ಲ" ಅಂದಳು ಗೌರಕ್ಕ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಿತ್ತಾಕ್ಬಿಡು ಗೌರಕ್ಕ, ಏನೂ ಉಳಿಯಲ್ಲ. ರೋಗ ಹರಡತ್ತೆ" ಅಂದೆ ನಾನು. ಆ ಮೂಲೆಯದನ್ನೂ ಸೇರಿಸಿ ಕೀಳಿಸಿದೆ. ಅಕ್ಕ ಬಂದು ನೋಡುವ ಮೊದಲೇ ಅದು ಹೋಗಬೇಕಿತ್ತು. ಯಾಕೆ ಹಾಗೆ ಮಾಡಿದೆ ಎಂದು ಆಗ ಯೋಚನೆ ಕೂಡ ಮಾಡಲಿಲ್ಲ, ಕೈ ತಾನಾಗಿ ಕಿತ್ತಿತು.

ಸಂಜೆ ಮನೆಗೆ ಬಂದಾಗ ಅಕ್ಕ ಜಗಲಿಯ ಮೇಲೆ ಕೂತಿದ್ದಳು. ಬೆಳೆ ಸತ್ತ ಸುದ್ದಿ ಆಗಲೇ ಮುಟ್ಟಿತ್ತು, ಕಾಫಿ ಕೂಡ ಕುಡಿದಿರಲಿಲ್ಲ. ಒಂದೊಂದಾಗಿ ಕೇಳಿದಳು.

"ಗೊಬ್ಬರ ಎಲ್ಲಾ ಕಡೆ ಸಮವಾಗಿ ಬಿತ್ತಾ?"

"ಬಿತ್ತು."

"ಬೂದಿ ಹಾಕಿದ್ಯಾ? ಅಂಗಡಿ ಗೊಬ್ಬರ? ಸುಣ್ಣ ಗಿಣ್ಣ ಏನಾದ್ರೂ?"

ಸುಣ್ಣ ಎಂದು ಅವಳ ಬಾಯಲ್ಲೇ ಬಂತು. ನನ್ನ ಉಗುರಿನ ಸಂದಿಯಲ್ಲಿ ಸುಣ್ಣ ಇತ್ತು. ಯಾವಾಗಲೂ ಇರುತ್ತಿತ್ತು, ಅದಕ್ಕೇ ಅವಳಿಗೆ ಕಾಣಲಿಲ್ಲ.

"ನೀನು ಹೇಳಿದ್ದೇ ಹಾಕಿದ್ದು ಕಣೇ. ಇನ್ನೇನ್ ಹಾಕ್ಲಿ?" ಅಂದೆ.

ನಂಬಿದಳು. ಇನ್ನೊಂದು ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಅನ್ನಿಸುತ್ತದೆ. ನಿಜವಾಗಿ ಹೇಳುತ್ತಿದ್ದೆನೋ ಇಲ್ಲವೋ. ಗೊತ್ತಿಲ್ಲ ಎಂದೇ ಬರೆಯಬೇಕು.

ಇಲ್ಲಿಯವರೆಗಿನದು ದಡ್ಡತನ, ಹೆದರಿಕೆ ಎಂದು ಯಾರಾದರೂ ಕ್ಷಮಿಸಬಹುದು. ಮುಂದಿನದು ಹಾಗಲ್ಲ. ಆ ವಾರ ಅಕ್ಕನಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಗೌರಕ್ಕನಿಗೆ ಮುಖ ತೋರಿಸುವುದಕ್ಕೂ ಅವಳಿಗೆ ಸಂಕೋಚ. "ನೀನೇ ಹೋಗಿ ಹೊಲದ ಮಣ್ಣು ತಾ. ಐದು ಜಾಗದಿಂದ ತೆಗೆದು ಬೆರೆಸು" ಎಂದು ನನಗೆ ಚೀಲ ಕೊಟ್ಟಳು. ನಾನು ಕೆಂಗೇರಿಗೆ ಹೋಗಿ, ಬಾವಿಯ ಮೂಲೆಯಲ್ಲಿ, ಒಂದೇ ಜಾಗದಲ್ಲಿ ಅಗೆದು, ಚೀಲ ತುಂಬಿಸಿ ತಂದುಕೊಟ್ಟೆ. ಸುಣ್ಣ ಬಿದ್ದ ಮಣ್ಣು ತಂದರೆ ಸಿಕ್ಕಿಬೀಳುತ್ತೇನೆ ಅನ್ನುವಷ್ಟು ಬುದ್ಧಿ ಏಳನೇ ಕ್ಲಾಸು ಫೇಲಾದವನಿಗೂ ಇತ್ತು.

ಆ ಮಣ್ಣಿನಲ್ಲಿ ಸಾಸಿವೆ ಹುಲುಸಾಗಿ ಬಂತು. ಅಕ್ಕ ದಿನಾ ಬೆಳಿಗ್ಗೆ ಡಬ್ಬಿಗಳ ಮುಂದೆ ನಿಲ್ಲುವಳು. ನೀರು ಹೆಚ್ಚು ಹಾಕಿ ನೋಡಿದಳು, ಕಡಿಮೆ ಹಾಕಿ ನೋಡಿದಳು, ನೆರಳಿನಲ್ಲಿ ಇಟ್ಟು ನೋಡಿದಳು. ಮತ್ತೆ ಮಣ್ಣು ತರಿಸಿದಳು. ನಾನು ಮತ್ತೆ ಅದೇ ಮೂಲೆಯಿಂದ ತಂದೆ. ಮತ್ತೆ ಹಸಿರು.

"ಮಣ್ಣು ಸರಿ ಇದೆ. ಗೊಬ್ಬರ ಹಿಡ್ಕೊಂಡಿದೆ. ಹೊಲದಲ್ಲಿ ಸತ್ತಿದೆ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವಳು. ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತ ತಟ್ಟನೆ ನಿಲ್ಲಿಸಿ, "ಏನೋ ಒಂದನ್ನ ನಾನು ನೋಡ್ತಾ ಇಲ್ಲ ಕಣೋ" ಅನ್ನುವಳು. ಅವಳ ಎದುರಿಗೆ ಕೂತು ನಾನೂ ಮುದ್ದೆ ನುಂಗುತ್ತಿದ್ದೆ.

ಗೌರಕ್ಕ ಮಾಲೀಕನಿಗೆ ಹೊಲ ಬಿಟ್ಟುಕೊಟ್ಟಳು. ಮಾರ್ಕೆಟ್ಟಿನಲ್ಲಿ ಬೇರೆಯವರು ಬೆಳೆದ ಸೊಪ್ಪನ್ನು ತಂದು ಮಾರತೊಡಗಿದಳು. ಡಬ್ಬಿ ನಂಬಿ ಗೌರಕ್ಕ ಕೆಟ್ಟಳು ಎಂಬ ಮಾತು ಅಲ್ಲಿ ಹಬ್ಬಿತು. ಆಫೀಸಿನಲ್ಲಿ ಸಾಹೇಬರು ಎಲ್ಲರ ಮುಂದೆ ಕೇಳಿದರಂತೆ: "ಏನ್ರೀ, ನಿಮ್ಮ ಅಡುಗೆಮನೆ ಡಬ್ಬಿ ನಂಬಿ ನಾನೂ ರಿಜಿಸ್ಟರಿಗೆ ಹಾಕಿಸಿದ್ನಲ್ರೀ!" ಕೆಲವರು ನಕ್ಕರಂತೆ. ನಕ್ಕವರು ಈ ಪುಸ್ತಕ ಓದುವವರಲ್ಲೂ ಇರಬಹುದು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ನಿಮಗೆ ಗೊತ್ತಿರಲಿಲ್ಲ.

ಅಕ್ಕ ರಿಜಿಸ್ಟರಿನಲ್ಲಿ ತಾನೇ ಬರೆದಳು. ಹೊಲದ ಮಣ್ಣನ್ನೇ ತಂದು ಮತ್ತೆ ಮಾಡಿದ ಪರೀಕ್ಷೆಯಲ್ಲೂ ಸಸಿ ಬದುಕಿದೆ, ಹೊಲದಲ್ಲಿ ಬೆಳೆ ಸತ್ತಿದೆ, ಆದ್ದರಿಂದ ಈ ಪರೀಕ್ಷೆಯನ್ನು ನಂಬಬಾರದು ಎಂದು. ಬರೆದು ಬಂದ ದಿನ ನನಗೆ ಹೇಳಿದಳು. ಕಾರಣ ಅನ್ನುವ ಕಡೆ 'ಗೊತ್ತಿಲ್ಲ' ಎಂದು ಹಾಕಿದೆ ಅಂದಳು. ಆಮೇಲೆ ಡಬ್ಬಿಗಳನ್ನು ಒಂದೊಂದಾಗಿ ಬೋರಲು ಹಾಕಿ, ಮಣ್ಣು ಸುರಿದು, ಹಳೇ ಸಾಮಾನಿನವನಿಗೆ ಕೊಟ್ಟಳು. ತಾನೇ ಕೇಳಿಕೊಂಡು ಆಫೀಸಿನ ಟಪಾಲು ವಿಭಾಗಕ್ಕೆ ಹೋದಳು. ಕೊನೆಯವರೆಗೂ ಅಲ್ಲೇ ಇದ್ದಳು. ನಡೆಯುವಾಗ ನೆಲ ನೋಡುವುದನ್ನೂ ಬಿಟ್ಟಳು. ಬೀದಿಯವರು, ಈಗ ಪರವಾಗಿಲ್ಲ, ಹುಡುಗಿಗೆ ಧೈರ್ಯ ಬಂದಿದೆ ಅಂದರು.

ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೇಳೋಣ ಎಂದು ಎರಡು ಸಲ ಹತ್ತಿರ ಕೂತೆ. ಮೊದಲನೇ ಸಲ ನರ್ಸು ಬಂದರು. ಎರಡನೇ ಸಲ ಯಾರೂ ಬರಲಿಲ್ಲ. ಆದರೂ ಹೇಳಲಿಲ್ಲ. ಹೇಳಿದರೆ ಅವಳಿಗೆ ನೆಮ್ಮದಿಯೋ, ಇನ್ನೂ ಸಂಕಟವೋ ಎಂದು ಯೋಚಿಸುತ್ತ ಕೂತೆ. ಅದೂ ನನ್ನನ್ನು ನಾನು ಉಳಿಸಿಕೊಳ್ಳುವ ಯೋಚನೆಯೇ ಇರಬೇಕು.

ಈ ಬರಹ ಕೇಳಲು ಬಂದಿದ್ದ ಅಧಿಕಾರಿಯನ್ನು ಅವತ್ತೇ ಕೇಳಿದೆ, ಕಳೆ ಔಷಧಿ ಇರುವ ನೆಲಕ್ಕೆ ಸುಣ್ಣ ಹಾಕಿದರೆ ಏನಾಗುತ್ತದೆ ಎಂದು. ಯಾರೋ ಹಾಕಿದ್ದರು ಎನ್ನುವ ಹಾಗೆ ಕೇಳಿದೆ.

"ಇಲ್ಲಿನ ಕೆಂಪು ಮಣ್ಣಿಗೆ ಸ್ವಲ್ಪ ಹುಳಿ ಗುಣ ಇರತ್ತೆ" ಅಂದರು. "ಆ ಹುಳೀಲಿ ಕೆಲವು ಕಳೆನಾಶಕ ಗೊಬ್ಬರಕ್ಕೆ ಗಟ್ಟಿಯಾಗಿ ಅಂಟ್ಕೊಳ್ಳತ್ತೆ. ಸುಣ್ಣ ಬಿದ್ರೆ ಹುಳಿ ಹೋಗತ್ತೆ, ಹಿಡಿತ ಸಡಿಲ ಆಗತ್ತೆ. ನೀರಿಗೆ ಬಂದು ಬೇರಿಗೆ ಸಿಗತ್ತೆ."

"ಹಾಗಾದ್ರೆ ಸುಣ್ಣದಿಂದಲೇ ಸತ್ತಿದ್ದು ಅನ್ನಿ."

"ಇರಬಹುದು. ಯಾವ ಕಳೆನಾಶಕ, ಎಷ್ಟು ಹೊಡೆದಿದ್ರು, ಮಳೆ ಎಷ್ಟು ಬಿದ್ದಿತ್ತು, ಇದೆಲ್ಲ ಗೊತ್ತಿಲ್ದೆ ಖಚಿತವಾಗಿ ಹೇಳಕ್ಕಾಗಲ್ಲ. ಆ ಮಣ್ಣಿನ ಹುಳಿ ಅವತ್ತು ಅಳೆದು ನೋಡಿದ್ರೆ, ಸುಣ್ಣ ಬಿದ್ದಿದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗ್ತಿತ್ತು."

ಹತ್ತು ನಿಮಿಷ. ಅಕ್ಕ ಅದಕ್ಕೆ ಉಳಿದ ವರ್ಷಗಳನ್ನೆಲ್ಲ ಕೊಟ್ಟಳು.

ಮೊನ್ನೆ ಮಾರ್ಕೆಟ್ಟಿಗೆ ಹೋಗಿ ಗೌರಕ್ಕನ ಮಂಕರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲ್ಲ ಹೇಳಿದೆ. ಕೊತ್ತಂಬರಿ ಕಟ್ಟು ಕಟ್ಟುತ್ತಲೇ ಕೇಳಿದಳು.

"ಸುಣ್ಣ ಚೆಲ್ಲಿದ್ದು ನನಗೆ ಗೊತ್ತಿಲ್ವಾ? ಹೊಲ ತುಂಬಾ ಬೆಳ್ಳಗಿತ್ತಲ್ಲಪ್ಪ, ಕುರುಡೀನಾ ನಾನು?"

"ಅಕ್ಕನ್ನ ಯಾಕೆ ಕೇಳ್ಲಿಲ್ಲ?"

"ಅವಳು ಹೇಳಿಕಳಿಸಿರ್ತಾಳೆ ಅಂದ್ಕೊಂಡೆ. ನೀನಾಗಿ ನೀನು ಏನಾದ್ರೂ ಮಾಡ್ತೀಯ ಅಂತ ಯಾರಿಗೆ ಗೊತ್ತು?" ಕಟ್ಟನ್ನು ಮಂಕರಿಗೆ ಎಸೆದಳು. "ಅಕ್ಷರ ಕಲ್ತೋಳು ನನ್ನ ಹೊಟ್ಟೆಗೆ ಹೊಡೆದ್ಲು ಅಂತ ಎಷ್ಟು ವರ್ಷ ಶಾಪ ಹಾಕಿದೀನಿ ಗೊತ್ತಾ? ಈ ಬೀದೀಲಿ ಅವಳು ಬಂದ್ರೆ ಮುಖ ತಿರುಗಿಸ್ತಿದ್ದೆ. ಈಗ ಆ ಶಾಪಾನ ಎಲ್ಲಿಗೆ ತಗೊಂಡು ಹೋಗ್ಲಿ ಹೇಳು?"

ನನಗೆ ಹಾಕು ಎಂದೆ. ನಿನಗೆ ಹಾಕಿದರೆ ಅವಳಿಗೆ ಹಾಕಿದ್ದು ವಾಪಸು ಬರುತ್ತಾ ಎಂದಳು. ಇನ್ನೊಂದು ಕಟ್ಟು ಕೈಗೆತ್ತಿಕೊಂಡು, "ನನಗೆ ಹೇಳಿ ಏನ್ ಬಂತು? ಅವಳನ್ನ ನೋಡಿ ನಕ್ಕೋರಿಗೆ ಹೇಳೋಗು" ಅಂದಳು.

ಅದಕ್ಕೇ ಇಷ್ಟು ಬರೆದೆ. ನನ್ನ ಅಕ್ಕ ಒಳ್ಳೆಯವಳಾಗಿದ್ದಳು ಎಂದು ಎರಡು ಪುಟ ಬರೆದುಕೊಟ್ಟಿದ್ದರೆ ನಿಮಗೂ ಸುಲಭ, ನನಗೂ ಸುಲಭ. ಇದನ್ನು ಪುಸ್ತಕದಲ್ಲಿ ಹಾಕುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ಹಾಕದಿದ್ದರೂ ಒಂದು ಕೆಲಸ ಮಾಡಿಕೊಡಿ. ಆ ರಿಜಿಸ್ಟರು ಇನ್ನೂ ನಿಮ್ಮ ಆಫೀಸಿನಲ್ಲೇ ಇದೆ ಎಂದು ಆ ಅಧಿಕಾರಿ ಹೇಳಿದರು. ಅಕ್ಕ ಬರೆದದ್ದನ್ನು ಹೊಡೆದುಹಾಕಬೇಡಿ, ಅವಳ ಅಕ್ಷರ ಹಾಗೇ ಇರಲಿ. ಅದರ ಕೆಳಗೆ ಜಾಗ ಇದ್ದರೆ ಇಷ್ಟು ಸೇರಿಸಿ: 'ಹೊಲಕ್ಕೆ ಸುಣ್ಣ ಹಾಕಲಾಗಿತ್ತು. ಪರೀಕ್ಷೆಗೆ ತಂದ ಮಣ್ಣು ಸುಣ್ಣ ಬೀಳದ ಮೂಲೆಯದು. ಎರಡನ್ನೂ ಮಾಡಿದವನು, ಕೇಳಿದಾಗ ಇಲ್ಲ ಅಂದವನು, ಅವಳ ತಮ್ಮ.' ಜಾಗ ಇದ್ದರೆ ಅಲ್ಲಿಗೇ ಬಂದು ನಾನೇ ರುಜು ಹಾಕುತ್ತೇನೆ.